ಯಾರಿಗೂ ಬೇಡದ ಪಾತ್ರ

ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಗ ಹಬ್ಬಕ್ಕೆ ಬರುತ್ತೇನೆ ಅಂತ ಫೋನು ಮಾಡಿದರೆ ತಾಯಿಗೆ ಎಷ್ಟು ಸಂತೋಷ ಆಗುತ್ತದೆ ಅನ್ನುವುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ಜೊತೆಗೆ ಮೂವರು ಸ್ನೇಹಿತರನ್ನೂ ಕರೆದುಕೊಂಡು ಬರುತ್ತೇನೆ ಅಂದರೆ ಆ ಸಂತೋಷದ ಜೊತೆಗೆ ಎಷ್ಟು ಪಾವು ಅಕ್ಕಿ ನೆನೆಹಾಕಬೇಕು ಅನ್ನುವ ಲೆಕ್ಕವೂ ತಲೆಯಲ್ಲಿ ಶುರುವಾಗುತ್ತದೆ. ಹೋದ ದೊಡ್ಡಹಬ್ಬಕ್ಕೆ (ನಮ್ಮ ಶಿರಸಿ, ಸಿದ್ದಾಪುರದ ಕಡೆ ದೀಪಾವಳಿಗೆ ಹಾಗೇ ಹೇಳುವುದು) ನಮ್ಮನೆಯಲ್ಲಿ ಆದದ್ದೂ ಇದೇ.

ಹಬ್ಬದ ಮರುದಿನ ಮಧ್ಯಾಹ್ನ ಊಟ ಮುಗಿಸಿ, ನಾಲ್ವರೂ ಊಟದ ಮೇಜಿನ ಸುತ್ತ ಕೂತರು. ಇಸ್ಪೀಟು ಇರಬೇಕು ಅಂದುಕೊಂಡೆ. ಅಲ್ಲ! ಒಂದಿಷ್ಟು ಕಾಗದ, ಪೆನ್ಸಿಲು, ಮತ್ತೆ ಬಣ್ಣ ಬಣ್ಣದ ದಾಳಗಳು. ದಾಳವೆಂದರೆ ನಮ್ಮ ಪಗಡೆಯಂಥದಲ್ಲ. ಒಂದಕ್ಕೆ ಇಪ್ಪತ್ತು ಮುಖ! ಕಷಾಯದ ಲೋಟ ಇಡಲು ಹೋದವಳು ಅಲ್ಲೇ ನಿಂತು ನೋಡಿದೆ.

"ಇದೆಂತ ಆಟನೋ ತಮಾ?" ಅಂದೆ.

"ಡಂಜನ್ಸ್ ಅಂಡ್ ಡ್ರಾಗನ್ಸ್ ಹೇಳಿ ಆಯಿ. ಎಲ್ಲರೂ ಒಂದೊಂದು ಪಾತ್ರ ತಗಂಡು ಮಾತಾಡದು. ಒಬ್ಬ ಕಥೆ ನಡೆಸ್ತ" ಅಂದ.

1974ರಲ್ಲಿ ಅಮೇರಿಕೆಯಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅನ್ನುವ ಇಬ್ಬರು ಈ ಆಟವನ್ನು ಪ್ರಕಟಿಸಿದರಂತೆ. ಆಗ ಅದರಲ್ಲಿ ಇದ್ದದ್ದು ಮೂರೇ ಬಗೆಯ ಪಾತ್ರ: ಕತ್ತಿ ಹಿಡಿಯುವ ಯೋಧ, ಮಂತ್ರ ಹಾಕುವ ಮಾಂತ್ರಿಕ, ಮತ್ತೆ ದೇವರ ಹೆಸರು ಹೇಳಿ ಗಾಯ ವಾಸಿ ಮಾಡುವ ಒಬ್ಬ ಪೂಜಾರಿ. ಮರುವರ್ಷ ಕಳ್ಳನೂ ಸೇರಿಕೊಂಡ. ಈಗ ಇನ್ನೂ ಎಷ್ಟೋ ಬಗೆ ಆಗಿದೆ. ಪ್ರತಿಯೊಬ್ಬರೂ ತಮಗೆ ಬೇಕಾದ್ದನ್ನು ಆರಿಸಿಕೊಂಡು, ಆ ಪಾತ್ರವೇ ಆಗಿ ಮಾತಾಡಬೇಕು. ಬಾಗಿಲು ಒಡೆಯುತ್ತದೋ, ರಾಕ್ಷಸ ಸಾಯುತ್ತಾನೋ ಅನ್ನುವುದನ್ನು ದಾಳ ಹೇಳುತ್ತದೆ. ಕಥೆ ನಡೆಸುವವನನ್ನು ಡಂಜನ್ ಮಾಸ್ಟರ್ ಅನ್ನುತ್ತಾರೆ. ಇಷ್ಟು ಕೇಳಿದ ಮೇಲೆ ನಾನು ನಕ್ಕುಬಿಟ್ಟೆ.

"ಇದು ತಾಳಮದ್ದಳೆ ಅಲ್ದನೋ! ನಿಮ್ಮ ಮಾಸ್ತರು ಅಂದ್ರೆ ಭಾಗವತರು!"

ಮಗನಿಗೆ ಸ್ವಲ್ಪ ಅವಮಾನವಾದಂತಿತ್ತು. ಅಷ್ಟರಲ್ಲಿ ಅವರಲ್ಲೇ ಜಗಳ ಶುರುವಾಯಿತು. ಒಬ್ಬನಿಗೆ ಯೋಧನೇ ಬೇಕು. ನನ್ನ ಮಗನಿಗೆ ಮಾಂತ್ರಿಕ. ಮತ್ತೊಬ್ಬ ಕಥೆ ನಡೆಸುವವನು. ಗಾಯ ವಾಸಿ ಮಾಡುವವನು ಮಾತ್ರ ಯಾರಿಗೂ ಬೇಡ. ಆದರೆ ಅವನಿಲ್ಲದೆ ಉಳಿದವರು ಅರ್ಧ ದಾರಿಯಲ್ಲೇ ಸಾಯುತ್ತಾರಂತೆ! ಕೊನೆಗೆ ಅದನ್ನು ಆ ಗುಂಪಿನ ಒಬ್ಬಳೇ ಹುಡುಗಿಯ ತಲೆಗೆ ಕಟ್ಟಿದರು. "ನೀನೇ ಆಗು, ನಿನಗೆ ಸರಿಹೋಗುತ್ತೆ" ಅಂದರು. ಅವಳು "ಆಯ್ತು" ಅಂದಳು.

ಸೋದರಿಯರೇ, ಆ "ಆಯ್ತು" ಅನ್ನುವ ಶಬ್ದ ನಿಮಗೂ ಪರಿಚಯದ್ದೇ ಅಲ್ಲವೇ? ನನಗಂತೂ ಚೆನ್ನಾಗಿ ಪರಿಚಯ. ಕಷಾಯದ ತಟ್ಟೆ ಹಿಡಿದುಕೊಂಡು ಒಳಗೆ ಬಂದೆನೇ ಹೊರತು ಮನಸ್ಸು ಅಲ್ಲೇ ನಿಂತಿತ್ತು.

ಯಾಕೆ ಅಂತ ಹೇಳಬೇಕಾದರೆ ನಮ್ಮ ಬುಧವಾರದ ಕೂಟದ ವಿಚಾರ ಮೊದಲು ಹೇಳಬೇಕು.

ನನ್ನ ತವರು ಯಲ್ಲಾಪುರ ತಾಲೂಕಿನ ಒಂದು ಹಳ್ಳಿ. ಕೊಟ್ಟದ್ದು ಸಿದ್ದಾಪುರದ ಕಡೆಗೆ. ಮಕ್ಕಳ ಶಾಲೆಗೆಂದು ಬಂದು ಈಗ ಹದಿನೈದು ವರ್ಷದಿಂದ ಶಿರಸಿ ಪೇಟೆಯಲ್ಲಿದ್ದೇವೆ. ಮೂರು ತಾಲೂಕಿನಲ್ಲೂ ಒಂದು ವಿಚಾರ ಮಾತ್ರ ಬದಲಾಗಲಿಲ್ಲ. ಮಳೆಗಾಲ ಬಂತೆಂದರೆ ಅಲ್ಲಿ ಇಲ್ಲಿ ತಾಳಮದ್ದಳೆ. ಮಳೆಯಲ್ಲಿ ಮೇಳಗಳ ತಿರುಗಾಟ ನಿಲ್ಲುತ್ತದೆ. ಆಗ ದೇವಸ್ಥಾನದ ಚಂದ್ರಶಾಲೆಯಲ್ಲೋ, ಯಾರದಾದರೂ ಮನೆಯ ಜಗಲಿಯಲ್ಲೋ ಕೂಟ ಸೇರುತ್ತದೆ. ಈ ಕಡೆ ಪರಿಚಯ ಇಲ್ಲದ ಓದುಗರಿಗೆ ಎರಡು ಮಾತು: ತಾಳಮದ್ದಳೆ ಅಂದರೆ ವೇಷವಿಲ್ಲದ ಯಕ್ಷಗಾನ. ಕಿರೀಟವಿಲ್ಲ, ಬಣ್ಣವಿಲ್ಲ, ಗೆಜ್ಜೆಯಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡುತ್ತಾರೆ, ಮದ್ದಳೆ ನುಡಿಯುತ್ತದೆ. ಎದುರುಬದುರು ಕೂತ ಅರ್ಥಧಾರಿಗಳು ತಮ್ಮ ತಮ್ಮ ಪಾತ್ರವಾಗಿ ಮಾತಾಡುತ್ತಾರೆ. ಪದ್ಯ ಪುಸ್ತಕದಲ್ಲಿದೆ; ಮಾತು ಮಾತ್ರ ಎಲ್ಲೂ ಬರೆದಿಲ್ಲ. ಎದುರಿನವನು ಕೇಳಿದ್ದಕ್ಕೆ ಕೂತಲ್ಲೇ ಉತ್ತರ ಹುಟ್ಟಬೇಕು. ನಮ್ಮ ಮಗನ ಆಟದಲ್ಲಿ ಕೊನೆ ಏನಾಗುತ್ತದೆ ಅಂತ ಯಾರಿಗೂ ಗೊತ್ತಿಲ್ಲ. ನಮ್ಮದರಲ್ಲಿ ಎಲ್ಲರಿಗೂ ಗೊತ್ತು. ವಾಲಿ ಸಾಯುವುದು ಖಂಡಿತ. ಆದರೆ ಏನು ಹೇಳಿ ಸಾಯುತ್ತಾನೆ? ಅದನ್ನು ಕೇಳಲಿಕ್ಕೇ ಜನ ಮಳೆಯಲ್ಲಿ ಕೊಡೆ ಹಿಡಿದು ಬರುವುದು.

ನಾನು ಚಿಕ್ಕವಳಿದ್ದಾಗ ಚಳಿಗಾಲದ ರಾತ್ರಿ ಅಡಿಕೆ ಸುಲಿಯುತ್ತಾ ಕೂತಾಗ ಟೇಪ್ ರೆಕಾರ್ಡರಿನಲ್ಲಿ ಶೇಣಿ ಗೋಪಾಲಕೃಷ್ಣ ಭಟ್ಟರ ಕ್ಯಾಸೆಟ್ಟು ಹಾಕುತ್ತಿದ್ದರು. ಕಾಸರಗೋಡಿನ ಕಡೆಯ ಆ ಹಿರಿಯರು (1918–2006) ವಾಲಿಯಾಗಿ ರಾಮನಿಗೆ ಪ್ರಶ್ನೆ ಹಾಕುವುದನ್ನು ಕೇಳುತ್ತಾ ಎಷ್ಟೋ ಸಲ ಮೆಟ್ಟುಗತ್ತಿಯ ಮೇಲೆ ಕೈ ನಿಂತೇ ಹೋಗುತ್ತಿತ್ತು. "ಕೂಸೆ, ವಾಲಿ ನಾಳೆನೂ ಸಾಯ್ತ, ಅಡಿಕೆ ಇವತ್ತೇ ಮುಗಿಯವು" ಅಂತ ಅಜ್ಜಿ ಗದರುತ್ತಿದ್ದಳು.

ಆದರೆ ಅದೆಲ್ಲ ಕೇಳಲಿಕ್ಕೆ ಮಾತ್ರ. ನಾನು ಕಂಡ ಕೂಟಗಳಲ್ಲೆಲ್ಲ ಅರ್ಥ ಹೇಳುವವರು ಗಂಡಸರು. ದ್ರೌಪದಿಯೂ ಅವರೇ, ಸೀತೆಯೂ ಅವರೇ. ನಮ್ಮ ಪಾಲಿಗೆ ಒಳಗೆ ಅವಲಕ್ಕಿ ಕಲಸುವುದು, ನಡುರಾತ್ರಿ ಚಹಾ ಕಾಸುವುದು. ಅಡುಗೆಮನೆಯ ಕಿಂಡಿಯಲ್ಲಿ ಎಷ್ಟು ಕೇಳುತ್ತದೋ ಅಷ್ಟೇ ಮಹಾಭಾರತ.

ಈಗ ಕಾಲ ಬದಲಾಗಿದೆ. ನಮ್ಮ ಮೂರು ತಾಲೂಕಿನಲ್ಲೂ ಹೆಂಗಸರು ತಾಳಮದ್ದಳೆ ಹೇಳುತ್ತಾರೆ, ವೇಷ ಕಟ್ಟಿ ಕುಣಿಯುತ್ತಾರೆ. ಶಿರಸಿಯ ಕಡೆಯವರೇ ಆದ ಹೊಸ್ತೋಟ ಮಂಜುನಾಥ ಭಾಗವತರು (1940–2020) ಊರೂರು ತಿರುಗಿ ಎಷ್ಟೋ ಜನರಿಗೆ ಯಕ್ಷಗಾನ ಕಲಿಸಿದವರು. ಅಂಥವರ ಪುಣ್ಯದಿಂದ "ಇದು ನಮಗೂ ಬರುತ್ತದೆ" ಅನ್ನುವ ಧೈರ್ಯ ಮನೆಮನೆಗೆ ಬಂತು. ನಮ್ಮ ಬೀದಿಯಲ್ಲಿ ಆ ಧೈರ್ಯ ಹತ್ತು ವರ್ಷದ ಹಿಂದೆ ಬಂತು. ಏಳು ಜನ ಸೇರಿದೆವು. ಬುಧವಾರ ಮಧ್ಯಾಹ್ನ ಎರಡರಿಂದ ನಾಲ್ಕೂವರೆ. ಊಟದ ಪಾತ್ರೆ ತೊಳೆದ ಮೇಲೆ, ಸಂಜೆ ಹಾಲಿನವನು ಬರುವ ಮೊದಲು! ನಿವೃತ್ತರಾದ ಮಾಸ್ತರೊಬ್ಬರು ಭಾಗವತಿಕೆಗೆ ಒಪ್ಪಿದರು. ನಮ್ಮವರು ಮಾತ್ರ "ಮನೆಯಲ್ಲಿ ಮಾಡುವ ವಾದ ಸಾಲದೇ?" ಅಂತ ಕೇಳಿದರು. "ಅದಕ್ಕೆ ಮದ್ದಳೆ ಇಲ್ಲವಲ್ಲ" ಅಂದೆ.

ಈಗ ಪಾತ್ರಗಳ ವಿಚಾರಕ್ಕೆ ಬರುತ್ತೇನೆ. ಒಂದು ಕೂಟದಲ್ಲಿ ಯಾರಿಗೆ ಯಾವ ಪಾತ್ರ ಬೇಕು ಅಂತ ಕೇಳಿ ನೋಡಿ, ಅವರ ಸ್ವಭಾವವೆಲ್ಲ ಹೊರಗೆ ಬರುತ್ತದೆ. ಬೇಡ ಅನ್ನುವ ಪಾತ್ರದಿಂದ ಇನ್ನೂ ಹೆಚ್ಚು ಗೊತ್ತಾಗುತ್ತದೆ.

ಎಲ್ಲರಿಗೂ ಮೊದಲು ಬೇಕಾದದ್ದು ಕೃಷ್ಣ. ದೇವರಲ್ಲವೇ, ಗೆಲ್ಲುವುದು ಖಾತ್ರಿ. ಆದರೆ ಹೇಳಲಿಕ್ಕೆ ಕೂತಾಗ ಗೊತ್ತಾಗುತ್ತದೆ ಅದರ ಕಷ್ಟ. ಸಿಟ್ಟು ಬರಬಾರದು, ಸೋಲಬಾರದು, ತುಟಿಯ ಮೇಲಿನ ನಗು ಮಾಸಬಾರದು. ಎದುರಿನವರು ಎಷ್ಟು ಚುಚ್ಚಿದರೂ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಉತ್ತರ ಕೊಡಬೇಕು. ನಮ್ಮಲ್ಲಿ ಮೂವರು ಕೃಷ್ಣನಾಗಿ ಮೂವರೂ ಸೋತರು. ಈಗ ಆ ಪಾತ್ರ ಮಾಡುವವಳು ಒಬ್ಬ ಹಿರಿಯಕ್ಕ. ಮೂವರು ಸೊಸೆಯರನ್ನು ಒಂದೇ ಮನೆಯಲ್ಲಿ ಇಟ್ಟುಕೊಂಡು ಸಂಸಾರ ಮಾಡಿದವಳು. ಅವಳಿಗೆ ಸಂಧಾನ ಹೇಳಿಕೊಡಬೇಕೇ!

ನನಗೆ ಕೇಳಿದರೆ, ಕೂತು ಕೇಳಲಿಕ್ಕೆ ಎಲ್ಲಕ್ಕಿಂತ ಚೊಲೋ ಪ್ರತಿನಾಯಕ. ಕೌರವ, ರಾವಣ, ಮಾಗಧ, ವಾಲಿ. ಸೋಲುವುದು ಅವರಿಗೂ ಗೊತ್ತು, ನಮಗೂ ಗೊತ್ತು. ಅದಕ್ಕೇ ಮಾತಿಗೆ ಬಿಸಿ. ಆಟದಲ್ಲೂ ಹಾಗೇ. ನಮ್ಮ ಜಿಲ್ಲೆಯ ಚಿಟ್ಟಾಣಿ ರಾಮಚಂದ್ರ ಹೆಗಡೆಯವರಿಗೆ 2012ರಲ್ಲಿ ಪದ್ಮಶ್ರೀ ಬಂತು. 2017ರಲ್ಲಿ ತೀರಿಕೊಂಡರು. ಅವರ ಭಸ್ಮಾಸುರ, ಕೀಚಕ ನೋಡಲು ಜನ ಎಲ್ಲೆಲ್ಲಿಂದಲೋ ಬರುತ್ತಿದ್ದರು. ಕೀಚಕ ಒಳ್ಳೆಯವನು ಅಂತ ಯಾರೂ ಬರುತ್ತಿರಲಿಲ್ಲವಲ್ಲ! ನಮ್ಮ ಕೂಟದ ಕೌರವ ಯಾರು ಗೊತ್ತೇ? ಸೊಪ್ಪಿನವಳ ಹತ್ತಿರ ಎರಡು ರೂಪಾಯಿ ಚೌಕಾಸಿ ಮಾಡಲಿಕ್ಕೂ ನಾಚುವ ಒಬ್ಬ ತಂಗಿ. ಅವಳು ಗಂಟಲೆತ್ತಿ "ಸೂಜಿಮೊನೆಯಷ್ಟು ನೆಲವನ್ನೂ ಕೊಡೆನು" ಅಂದಾಗ ಪಕ್ಕದ ಮನೆಯವರು ಹೆದರಿ ಕಿಟಕಿಯಲ್ಲಿ ಇಣುಕಿದರು.

ಹಾಸ್ಯ ಇನ್ನೊಂದು ಬಗೆ. ದೂತ, ಮುದಿ ಬ್ರಾಹ್ಮಣ, ಅಗಸ ಇಂಥವರು. ಚಿಕ್ಕ ಪಾತ್ರ ಅಂತ ಹಗುರ ಮಾಡಬೇಡಿ. ಹಾಸ್ಯ ಅಂದರೆ ಅಡುಗೆಗೆ ಉಪ್ಪು ಇದ್ದಂತೆ. ಕಮ್ಮಿಯಾದರೆ ಸಪ್ಪೆ, ಒಂದು ಚಿಟಿಕೆ ಹೆಚ್ಚಾದರೆ ಪ್ರಸಂಗವನ್ನೇ ಚೆಲ್ಲಬೇಕು.

ಇನ್ನು ಯಾರಿಗೂ ಬೇಡದ ಪಾತ್ರ. ಒಂದು, ಧರ್ಮರಾಯ. ಪಾಪ, ಅವನು ಮಾತಾಡುವುದಕ್ಕಿಂತ ನಿಟ್ಟುಸಿರು ಬಿಡುವುದೇ ಹೆಚ್ಚು. ಇವತ್ತಿಗೂ ನನಗೆ ಅವನನ್ನು ಕಂಡರಾಗದು. ಮನೆಯ ಹೆಂಡತಿಯನ್ನು ಪಣಕ್ಕಿಟ್ಟು ಆಮೇಲೆ ಧರ್ಮಸೂಕ್ಷ್ಮ ಹೇಳುವವನ ಬಾಯಿಗೆ ನಾನು ಮಾತು ಯಾಕೆ ಕೊಡಲಿ? ಎರಡನೆಯದು, ಸ್ತ್ರೀಪಾತ್ರ!

ಹೌದು ಸೋದರಿಯರೇ, ಏಳೂ ಜನ ಹೆಂಗಸರೇ. ಏಳರಲ್ಲಿ ಒಬ್ಬಳಿಗೂ ಸ್ತ್ರೀಪಾತ್ರ ಬೇಡ. "ಮನೆಯಲ್ಲಿ ಅದನ್ನೇ ಮಾಡ್ತಾ ಇದ್ದು, ಇಲ್ಲಾದ್ರೂ ಗದೆ ಹಿಡಿತಿ" ಅಂತ ಒಬ್ಬಳೆಂದರೆ, "ಎರಡು ಪದ್ಯ ಅಳದು, ಮೂರನೇ ಪದ್ಯಕ್ಕೆ ಕಾಲಿಗೆ ಬೀಳದು, ಅದರಲ್ಲೆಂತ ಇದ್ದು?" ಅಂತ ಇನ್ನೊಬ್ಬಳು. ನಾನೂ ಅವರ ಜೊತೆಗೇ. ನನ್ನ ಮೊದಲ ಪಾತ್ರ ಕೃಷ್ಣಸಂಧಾನದ ವಿದುರ. ಮನೆಗೆ ಬಂದವರಿಗೆ ಹಾಲು ಕೊಡುವ ಕೆಲಸ, ನನಗೆ ಹೊಸದೇನಲ್ಲ. ಆದರೆ ಆ ಸಾಧು ಮನುಷ್ಯ ಸಭೆಯಲ್ಲಿ ಅವಮಾನವಾದಾಗ ತನ್ನ ಬಿಲ್ಲನ್ನೇ ಮುರಿದು ಹಾಕುತ್ತಾನಲ್ಲ, ಆ ಜಾಗ ಬಂದಾಗ ನನಗೆ ನಿಜವಾಗಿ ಮೈ ಜುಂ ಎಂದಿತ್ತು. ಅಂದಿನಿಂದ ನನಗೆ ಆರ್ಭಟದ ಪಾತ್ರದ ಮೇಲೇ ಆಸೆ.

ಎರಡು ವರ್ಷದ ಹಿಂದೆ ಚೌತಿಯ ಸಮಯದಲ್ಲಿ ನನ್ನ ತವರೂರಿನವರು ನಮ್ಮ ಕೂಟವನ್ನು ಕರೆದರು. ಪ್ರಸಂಗ ಭೀಷ್ಮವಿಜಯ. ನನಗೆ ಪರಶುರಾಮ! ಒಂದು ತಿಂಗಳು ಒಗ್ಗರಣೆ ಸಿಡಿದ ಹಾಗೆ ಸಿಡಿಯುತ್ತಾ ಮನೆ ತುಂಬಾ ಓಡಾಡಿದೆ. ನಮ್ಮವರು ಕೊಡಲಿಯನ್ನು ಕೊಟ್ಟಿಗೆಯಲ್ಲಿ ಮುಚ್ಚಿಟ್ಟಿದ್ದರು ಅನ್ನುವುದು ಅವರೇ ಕಟ್ಟಿದ ಕಥೆ.

ಕೂಟಕ್ಕೆ ಎರಡು ದಿನ ಇರುವಾಗ ಅಂಬೆಯ ಪಾತ್ರದವಳಿಗೆ ಮಗಳ ಹೆರಿಗೆ ಅಂತ ಹುಬ್ಬಳ್ಳಿಗೆ ಓಡಬೇಕಾಯಿತು. ಅಂಬೆ ಇಲ್ಲದೆ ಭೀಷ್ಮವಿಜಯ ಎಲ್ಲಿಂದ? ಎಲ್ಲರೂ ನನ್ನ ಮುಖ ನೋಡಿದರು. "ನಿಂಗೆ ಪ್ರಸಂಗ ಪೂರ್ತಿ ಬಾಯಿಪಾಠ ಇದ್ದು. ನೀನೇ ಆಗು." ಪರಶುರಾಮ ಬೇರೆಯವಳ ಪಾಲಾಯಿತು. ನಾನು "ಆತು" ಅಂದೆ. ಬಸ್ಸಿನಲ್ಲಿ ಶಿರಸಿಯಿಂದ ಯಲ್ಲಾಪುರದವರೆಗೂ ಯಾರ ಹತ್ತಿರವೂ ಮಾತಾಡಲಿಲ್ಲ.

ಅಂಬೆಯ ಕಥೆ ನಿಮಗೆ ಗೊತ್ತು. ಕಾಶಿರಾಜನ ಹಿರಿಮಗಳು. ಸಾಲ್ವನನ್ನು ಮನಸ್ಸಿನಲ್ಲಿ ವರಿಸಿದವಳು. ಸ್ವಯಂವರದಿಂದ ಭೀಷ್ಮ ಅವಳನ್ನು ತನ್ನ ತಮ್ಮನಿಗೆಂದು ಗೆದ್ದು ತಂದ. ವಿಷಯ ತಿಳಿದು ಮರ್ಯಾದೆಯಿಂದಲೇ ಸಾಲ್ವನ ಹತ್ತಿರ ಕಳಿಸಿದ. ಅವನು "ಇನ್ನೊಬ್ಬ ಗೆದ್ದು ಒಯ್ದವಳು ನನಗೆ ಬೇಡ" ಅಂದ. ತಿರುಗಿ ಬಂದು "ನೀನೇ ಮದುವೆಯಾಗು" ಅಂದರೆ ಭೀಷ್ಮನಿಗೆ ಬ್ರಹ್ಮಚರ್ಯದ ಪ್ರತಿಜ್ಞೆ. ಮೂರು ಮನೆಯ ಬಾಗಿಲು ನೋಡಿದವಳಿಗೆ ಒಂದು ಮನೆಯೂ ಇಲ್ಲ. ಯಾರನ್ನು ಬೈಯುವುದು? ಒಬ್ಬೊಬ್ಬರದೂ ಒಂದೊಂದು ನ್ಯಾಯ. ಎಲ್ಲರ ನ್ಯಾಯ ಸೇರಿ ಒಂದು ಅನ್ಯಾಯ.

ಎದುರಿನ ಸಾಲಿನಲ್ಲಿ ಕುರ್ಚಿ ಹಾಕಿಕೊಂಡು ಅಪ್ಪಯ್ಯ ಕೂತಿದ್ದ. ಎಪ್ಪತ್ತೆಂಟು ವರ್ಷ ಆಗ. ಊರ ಕೂಟಗಳಲ್ಲಿ ಭೀಷ್ಮ ಅಂದರೆ ಅಪ್ಪಯ್ಯನೇ. ಕೊಟ್ಟ ಮಾತಿನ ಮಹತ್ವದ ಮೇಲೆ ಅರ್ಧ ತಾಸು ಪೀಠಿಕೆ ಹೇಳುತ್ತಿದ್ದ. ಜನ ತಲೆದೂಗುತ್ತಿದ್ದರು.

ಮೊದಲ ಪದ್ಯಗಳು ಹೇಗೋ ಆದವು. ಮುದಿ ಬ್ರಾಹ್ಮಣನ ಹಾಸ್ಯಕ್ಕೆ ಜನ ನಕ್ಕರು. ಸಾಲ್ವನ ಸಭೆಯೂ ಮುಗಿಯಿತು. ತಿರುಗಿ ಭೀಷ್ಮನ ಎದುರು ಬಂದೆ. ನಮ್ಮ ಭೀಷ್ಮ ಗಂಭೀರವಾಗಿ ಹೇಳಿದಳು: "ಅಂಬೆ, ನಾನು ಮಾತು ಕೊಟ್ಟಾಗಿದೆ. ಅದನ್ನು ಮೀರುವಂತಿಲ್ಲ."

ಮಾತು ಕೊಟ್ಟಾಗಿದೆ.

ಸೋದರಿಯರೇ, 1995ರಲ್ಲಿ ನಾನು ಎಸ್ಸೆಸ್ಸೆಲ್ಸಿಯಲ್ಲಿ ಫಸ್ಟ್ ಕ್ಲಾಸಿನಲ್ಲಿ ಪಾಸಾದೆ. ಯಲ್ಲಾಪುರದಲ್ಲಿ ಕಾಲೇಜು ಸೇರುವ ಅರ್ಜಿಯನ್ನೂ ತುಂಬಿ ಇಟ್ಟಿದ್ದೆ. ಆ ವಾರವೇ ಸೋದರತ್ತೆಗೆ ಜೋರು ಕಾಯಿಲೆ. ಅವಳ ಮನೆಯಲ್ಲಿ ಮೂರು ಚಿಕ್ಕ ಮಕ್ಕಳು, ಹಟ್ಟಿಯಲ್ಲಿ ನಾಲ್ಕು ದನ. ಅಪ್ಪಯ್ಯ ಜಗಲಿಯಲ್ಲಿ ಕೂತು ಮಾವನಿಗೆ ಹೇಳಿದ್ದು ಒಳಗೆ ಅಕ್ಕಿ ಆರಿಸುತ್ತಿದ್ದ ನನಗೆ ಕೇಳಿಸಿತು. "ಕೂಸಿನ ಕಳಸ್ತಿ. ಒಂದು ವರ್ಷದ ಮಟ್ಟಿಗೆ ಇರ್ಲಿ." ನಾನು ಅರ್ಜಿ ಹಿಡಿದುಕೊಂಡು ಹೊರಗೆ ಬಂದಾಗ ಅಪ್ಪಯ್ಯ ಸಿಟ್ಟು ಮಾಡಲಿಲ್ಲ. "ಮಾತು ಕೊಟ್ಟಾತಲೆ ಕೂಸೆ" ಅಂದ, ಅಷ್ಟೇ.

ಅತ್ತೆ ಒಳ್ಳೆಯವಳು. ಗುಣವಾದಳು. ಆ ಮಕ್ಕಳು ಈಗಲೂ ನನ್ನನ್ನು ಅಕ್ಕಯ್ಯ ಅಂತ ಹಚ್ಚಿಕೊಂಡಿದ್ದಾರೆ. ಒಂದು ವರ್ಷ ಮೂರು ವರ್ಷವಾಯಿತು, ಆಮೇಲೆ ಮದುವೆಯಾಯಿತು. ಅರ್ಜಿ ಎಲ್ಲೋ ಹೋಯಿತು. ಆರೈಕೆ ಮಾಡಿದ್ದಕ್ಕೆ ನನಗೆ ಬೇಸರ ಇದೆಯೇ? ಇಲ್ಲ. ಕೇಳಿದ್ದರೆ ನಾನೇ ಹೋಗುತ್ತಿದ್ದೆನೋ ಏನೋ. ಆದರೆ ಕೇಳಲಿಲ್ಲ.

ಅಂಬೆಗೆ ನಾನು ಬರೆದು ಬಾಯಿಪಾಠ ಮಾಡಿಕೊಂಡದ್ದು ಕಣ್ಣೀರಿನ ಮಾತು. ಬಾಯಿಗೆ ಬಂದದ್ದೇ ಬೇರೆ. "ಸ್ವಾಮಿ, ಮಾತು ನಿಮ್ಮದು. ಅದನ್ನು ನಡೆಸಿಕೊಡುವ ಬದುಕು ನನ್ನದು. ನೀವು ಮಾತು ಕೊಡುವಾಗ ನಾನು ದೂರ ಎಲ್ಲೂ ಇರಲಿಲ್ಲ. ಒಳಮನೆಯಲ್ಲೇ ಇದ್ದೆ. ನಾಲ್ಕು ಹೆಜ್ಜೆ. ಒಂದು ಸಲ ಕರೆದು ಕೇಳಿದ್ದರೆ ನಿಮ್ಮ ಪ್ರತಿಜ್ಞೆ ಮುರಿಯುತ್ತಿತ್ತೇ?"

ಕಾಶಿಯ ಅರಮನೆಯಲ್ಲಿ ಒಳಮನೆ ಎಲ್ಲಿಂದ ಬಂತು ಅಂತ ಯಾರೂ ಕೇಳಲಿಲ್ಲ. ನಮ್ಮ ಭೀಷ್ಮ ಬಾಯಿ ತೆರೆದವಳು ಹಾಗೇ ಮುಚ್ಚಿದಳು. ಹಿಂದಿನ ಸಾಲಿನಲ್ಲಿ ಹೆಂಗಸರು ಕೂತಿದ್ದರಲ್ಲ, ಅಲ್ಲಿ ಬಳೆಯ ಸದ್ದೂ ಇರಲಿಲ್ಲ. ಎಷ್ಟು ಹೊತ್ತು ಹಾಗಿತ್ತೋ ಗೊತ್ತಿಲ್ಲ. ಕೊನೆಗೆ ಭಾಗವತರೇ ಮುಂದಿನ ಪದ್ಯ ಎತ್ತಿ ನಮ್ಮನ್ನು ದಾಟಿಸಿದರು. ನಾನು ಅಪ್ಪಯ್ಯನ ಕಡೆ ನೋಡಲಿಲ್ಲ. ನೋಡುವ ಧೈರ್ಯ ಅಂಬೆಗಿತ್ತು, ನನಗಿರಲಿಲ್ಲ.

ಮುಗಿದ ಮೇಲೆ ತುಂಬಾ ಜನ ಬಂದು "ಅಂಬೆ ಚೊಲೋ ಆತು" ಅಂದರು. ಅಪ್ಪಯ್ಯ ಬರಲಿಲ್ಲ. ರಾತ್ರಿ ಊಟದ ಹೊತ್ತಿನಲ್ಲೂ ಮಾತಿಲ್ಲ. ನನಗೆ ನಿದ್ದೆ ಹತ್ತಲಿಲ್ಲ. ಎಂಬತ್ತರ ಹತ್ತಿರದ ಮನುಷ್ಯನನ್ನು ಊರವರೆದುರು ಕೇಳುವ ಮಾತೇ ಅದು? ಊರವರಿಗೆ ಅದು ಅಂಬೆಯ ಮಾತು. ಆದರೆ ಅಪ್ಪಯ್ಯನಿಗೆ?

ಬೆಳಿಗ್ಗೆ ಜಗಲಿಯಲ್ಲಿ ಕವಳದ ಹರಿವಾಣ ಮುಂದಿಟ್ಟುಕೊಂಡು ಕೂತಿದ್ದ. ಚಹಾ ಕೊಟ್ಟೆ. ಅಡಿಕೆ ಕತ್ತರಿಸುತ್ತಾ, ನನ್ನ ಮುಖ ನೋಡದೆ, "ನಲವತ್ತು ವರ್ಷ ಭೀಷ್ಮನ ಅರ್ಥ ಹೇಳಿದ್ದಿ" ಅಂದ.

"ಹೌದು ಅಪ್ಪಯ್ಯ."

"ನಿನ್ನೆ ರಾತ್ರಿ ಯೋಚನೆ ಮಾಡಿದಿ. ಆ ಮಾತಿಗೆ ಭೀಷ್ಮ ಎಂತ ಹೇಳವಾಗಿತ್ತು ಹೇಳಿ."

ನಾನು ಕಂಬಕ್ಕೆ ಒರಗಿ ನಿಂತೆ. "ಎಂತ ಹೇಳವಾಗಿತ್ತು?"

ಅಂಗಳದ ಆಚೆ ತೋಟದ ಕಡೆ ನೋಡುತ್ತಾ ಸ್ವಲ್ಪ ಹೊತ್ತು ಕೂತ. "ಅವಂಗೂ ಉತ್ತರ ಇತ್ತಿಲ್ಲೆ ಕೂಸೆ" ಅಂದ. ಆಮೇಲೆ ಲೋಟ ಕೆಳಗಿಟ್ಟು, "ಕೇಳವಾಗಿತ್ತು" ಅಂದ.

ಅಷ್ಟೇ. ಮತ್ತೆ ಆ ವಿಚಾರ ನಾವಿಬ್ಬರೂ ಎತ್ತಿಲ್ಲ. ಎತ್ತುವ ಅಗತ್ಯವೂ ಬರಲಿಲ್ಲ.

ಆ ದಿನದಿಂದ ನನ್ನ ಇಷ್ಟದ ಪಾತ್ರ ಅಂಬೆ ಅಂದರೆ ನಂಬುತ್ತೀರಾ? ಈಗ ನಾನೇ ಕೇಳಿ ತೆಗೆದುಕೊಳ್ಳುತ್ತೇನೆ. ಸ್ತ್ರೀಪಾತ್ರ ಸಪ್ಪೆ ಅಂತ ನಾವು ದೂರುತ್ತಿದ್ದೆವಲ್ಲ, ಸಪ್ಪೆ ಪಾತ್ರವಲ್ಲ. ಅದು ನಮಗೆ ಸಿಗುತ್ತಿದ್ದ ರೀತಿ. ಯಾರಿಗೂ ಬೇಡವಾಗಿ ಉಳಿದದ್ದನ್ನು ಕೇಳದೇ ಕೈಗೆ ಹಾಕಿದರೆ ಪಂಚಭಕ್ಷ್ಯವೂ ತಂಗಳಿನಂತೆ ಕಾಣುತ್ತದೆ. ಅದೇ ಪಾತ್ರವನ್ನು "ನನಗೆ ಬೇಕು" ಅಂತ ಎತ್ತಿಕೊಂಡು ನೋಡಿ, ಎರಡೇ ಪದ್ಯದಲ್ಲಿ ಎಷ್ಟು ಜಾಗವಿದೆ ಅಂತ ಗೊತ್ತಾಗುತ್ತದೆ. ನಮ್ಮ ಕೂಟದಲ್ಲಿ ಈಗ ದ್ರೌಪದಿಗೆ, ಸುಧನ್ವನ ಹೆಂಡತಿ ಪ್ರಭಾವತಿಗೆ ಇಬ್ಬಿಬ್ಬರು ಕೈ ಎತ್ತುತ್ತಾರೆ. ಒಂದು ನಿಯಮವೂ ಮಾಡಿಕೊಂಡಿದ್ದೇವೆ: ಯಾರಾದರೂ ತಪ್ಪಿಸಿಕೊಂಡರೆ ಆ ಪಾತ್ರವನ್ನು ಯಾರ ತಲೆಗೂ ಕಟ್ಟುವಂತಿಲ್ಲ. ಮೊದಲು ಕೇಳಬೇಕು. ಬೇಡ ಅಂದರೆ ಪ್ರಸಂಗವನ್ನೇ ಬದಲಾಯಿಸಬೇಕು.

ಈಗ ಮತ್ತೆ ನಮ್ಮ ಊಟದ ಮೇಜಿಗೆ ಬನ್ನಿ. ಇಷ್ಟೆಲ್ಲ ನೆನಪಾದ ಮೇಲೆ ಸುಮ್ಮನಿರಲಾಗಲಿಲ್ಲ. ಚಕ್ಕುಲಿ ಕೊಡುವ ನೆಪ ಮಾಡಿ ಹೊರಗೆ ಬಂದು, ಆ ಹುಡುಗಿಯ ಹತ್ತಿರ ನಿಂತು ಕೇಳಿದೆ, "ನಿನಗೆ ಯಾವ ಪಾತ್ರ ಬೇಕಿತ್ತು ಮಗಾ?"

ಅವಳು ಎಲ್ಲರ ಮುಖ ನೋಡಿದಳು. ಮೆಲ್ಲಗೆ, "ಕಳ್ಳ, ಆಂಟಿ" ಅಂದಳು.

ಹುಡುಗರೆಲ್ಲ ನಕ್ಕರು. "ಮೊದಲೇ ಹೇಳಬಹುದಿತ್ತಲ್ಲ" ಅಂದ ನನ್ನ ಮಗ. "ಮೊದಲೇ ಕೇಳ್ಳಕ್ಕಾಗಿತ್ತಲೋ ತಮಾ" ಅಂದೆ ನಾನು. ಅವನು ನನ್ನನ್ನು ಒಂದು ಥರ ನೋಡಿದ. ಅಜ್ಜನ ಮನೆಯ ಕೂಟಕ್ಕೆ ಅವನೂ ಬಂದಿದ್ದ, ಹಿಂದಿನ ಸಾಲಿನಲ್ಲಿ. ಏನು ನೆನಪಾಯಿತೋ, ಮಾಂತ್ರಿಕನ ಕಾಗದವನ್ನು ಬದಿಗಿಟ್ಟು, "ಗಾಯ ವಾಸಿ ಮಾಡುವವ ನಾನಾಗ್ತೆ" ಅಂದ.

ರಾತ್ರಿ ಹತ್ತು ಗಂಟೆಯವರೆಗೂ ಆಟ ನಡೆಯಿತು. ಕಳ್ಳ ಅಂತೂ ಏನು ಜೋರು ಗೊತ್ತೇ! ಮೂರು ಕೋಟೆಗಳ ಬೀಗ ಒಡೆದು, ರಾಕ್ಷಸನ ಕಿಸೆಗೇ ಕೈ ಹಾಕಿ ಬಂದಳು. ಮಧ್ಯಾಹ್ನ "ಆಯ್ತು" ಅಂದ ಹುಡುಗಿ ಇವಳೇನಾ ಅನ್ನಿಸಿತು. ನನ್ನ ಮಗ ಮಾತ್ರ ಅಡುಗೆಮನೆಗೆ ಬಂದು ಗೊಣಗಿದ. "ಇದೆಂತ ಪಾತ್ರ ಆಯಿ! ಒಬ್ಬನ ಕೈ ಸರಿ ಮಾಡುವಷ್ಟರಲ್ಲಿ ಇನ್ನೊಬ್ಬನ ಕಾಲು ಮುರಿತು. ಯಂಗೆ ಒಂದು ಕತ್ತಿ ಬೀಸಲೂ ಪುರಸೊತ್ತಿಲ್ಲೆ. ಒಬ್ಬರೂ ಚೊಲೋ ಮಾಡಿದೆ ಹೇಳಿದ್ವಿಲ್ಲೆ!"

ನಾನು ಪಾತ್ರೆ ತೊಳೆಯುತ್ತಿದ್ದೆ. ಏನೂ ಹೇಳಲಿಲ್ಲ. ಅವನು ಸ್ವಲ್ಪ ಹೊತ್ತು ನಿಂತ. ಆಮೇಲೆ ತೋಳು ಮಡಚಿ, ತೊಳೆದಿಟ್ಟ ಪಾತ್ರೆಗಳನ್ನು ಒಂದೊಂದಾಗಿ ಒರೆಸಿ ಕಪಾಟಿನಲ್ಲಿ ಇಟ್ಟ. ಸೌಟುಗಳನ್ನೆಲ್ಲ ತಪ್ಪು ಜಾಗದಲ್ಲಿ ಇಟ್ಟಿದ್ದ. ಮರುದಿನ ಹುಡುಕಿ ಸಾಕಾಯಿತು, ಆದರೂ ಬೈಯಲಿಲ್ಲ.

ನೀವೂ ನಾಲ್ಕು ಜನ ಸೇರಿ ಮಧ್ಯಾಹ್ನದ ಎರಡು ತಾಸು ಕೂಟ ಮಾಡಿ ನೋಡಿ. ಖರ್ಚೇನಿಲ್ಲ. ಒಂದು ಪ್ರಸಂಗದ ಪುಸ್ತಕ, ಹಾಡುವ ಒಬ್ಬರು ಇದ್ದರೆ ಸಾಕು. ಗಂಟಲಿಗೆ ನಮ್ಮ ಕಡೆಯ ಕಷಾಯ ಇದ್ದರೆ ಒಳ್ಳೆಯದು: ಕೊತ್ತಂಬರಿ ಬೀಜ, ಅದರ ಅರ್ಧ ಜೀರಿಗೆ, ನಾಲ್ಕು ಕಾಳುಮೆಣಸು, ಚೂರು ಮೆಂತ್ಯ ಹುರಿದು ಪುಡಿ ಮಾಡಿಟ್ಟುಕೊಳ್ಳಿ. ಬೆಲ್ಲದ ನೀರಿನಲ್ಲಿ ಕುದಿಸಿ ಹಾಲು ಹಾಕಿದರಾಯಿತು. ಕೌರವ ಹೇಳುವವರಿಗೆ ಎರಡು ಲೋಟ ಬೇಕಾಗುತ್ತದೆ.

ಪಾತ್ರ ಹಂಚುವಾಗ ಮಾತ್ರ, ಮೂಲೆಯಲ್ಲಿ ಸುಮ್ಮನೆ ಕೂತವಳನ್ನು ಮೊದಲು ಕೇಳಿ. ಅವಳಿಗೆ ಯಾವುದು ಬೇಕು ಅಂತ ನೀವು ಊಹಿಸಿದ್ದು ಖಂಡಿತ ತಪ್ಪಾಗಿರುತ್ತದೆ.

ಅಂದ ಹಾಗೆ, ನಿಮಗೆ ಯಾವ ಪಾತ್ರ ಬೇಕು?